ಐ3 ಸಾಕಾ, ಐ5 ಬೇಕಾ?

ಮುಂಬೈಯ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿನ ಯಾವ ಕಂಪ್ಯೂಟರ್ ಅಂಗಡಿಗೆ ಹೋದರೂ ಮೊದಲ ಪ್ರಶ್ನೆ ಬಜೆಟ್ಟಿನದೇ. ಕಂಪ್ಯೂಟರಿನಲ್ಲಿ ಮಾಡುವ ಕೆಲಸ ಏನು ಅಂತ ಕೇಳುವವರು ಕಮ್ಮಿ. ದುಡ್ಡು ಉಳಿಯುವುದೋ ದಂಡವಾಗುವುದೋ ನಿಂತಿರುವುದು ಆ ಪ್ರಶ್ನೆಯ ಮೇಲೆ. ಐ3, ಐ5, ಐ7 ಅನ್ನುವುದು ಇಂಟೆಲ್ ಕಂಪನಿಯ ಪ್ರೊಸೆಸರುಗಳ, ಅಂದರೆ ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಚಿಪ್ಪುಗಳ, ಹೆಸರು.

ಮಾಟುಂಗದ ಉಡುಪಿ ಹೋಟೆಲಿನ ಗಲ್ಲಾ ನೋಡಿ. ಬಿಲ್ ಹಾಕುವವರು ಒಂದು ಕೀ ಒತ್ತಿ ಮುಂದಿನದಕ್ಕೆ ಬೆರಳು ಇಡುವಷ್ಟರಲ್ಲಿ ಪ್ರೊಸೆಸರ್ ಕೋಟಿಗಟ್ಟಲೆ ಲೆಕ್ಕ ಮುಗಿಸಬಲ್ಲದು. ಉಳಿದ ಹೊತ್ತೆಲ್ಲ ಸುಮ್ನೆ ಕಾಯುತ್ತದೆ. 2023ರಲ್ಲಿ ಬಂದ ಇಂಟೆಲ್ ಎನ್100 ಇಲ್ಲಿಗೆ ಧಾರಾಳ. 4 ಕೋರ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕ), 3.4 ಗಿಗಾಹರ್ಟ್ಸ್ ತನಕ ವೇಗ, ಕಂಪನಿಯ ಲೆಕ್ಕದಲ್ಲಿ 6 ವ್ಯಾಟ್ ವಿದ್ಯುತ್. ಜೊತೆಗೆ ಎಸ್‌ಎಸ್‌ಡಿ (ಫೈಲುಗಳನ್ನು ಇಡುವ ವೇಗದ ಡ್ರೈವ್) ಮಾತ್ರ ಇರಲೇಬೇಕು.

ಅದೇ ಬೀದಿಯಲ್ಲಿ ಹಳೇ ಐ7 ಮೆಷಿನ್ನುಗಳೂ ಅಗ್ಗಕ್ಕೆ ಸಿಗುತ್ತವೆ. ಐ7 ಅಲ್ವಾ, ತಗೊಂಡುಬಿಡೋಣ ಅನ್ನಿಸುತ್ತದೆ. ಆದರೆ 2012ರ ಐ7-3770ಕ್ಕೆ 77 ವ್ಯಾಟ್ ಬೇಕು. ವಿಂಡೋಸ್ 11 ಇದನ್ನು ಅಧಿಕೃತವಾಗಿ ಒಪ್ಪುವುದಿಲ್ಲ, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೊಂದು ತಮಾಷೆ ಇದೆ. ಯೂಟ್ಯೂಬ್ ಈಗ ವಿಪಿ9, ಎವಿ1 ಎಂಬ ರೂಪಗಳಲ್ಲಿ ವಿಡಿಯೋ ಕಳಿಸುತ್ತದೆ. ಅದನ್ನು ಬಿಚ್ಚುವುದಕ್ಕೆಂದೇ ಎನ್100ರಲ್ಲಿ ಬೇರೆ ಸರ್ಕ್ಯೂಟ್ ಇದೆ. ಹಳೇ ಐ7ನಲ್ಲಿ ಇಲ್ಲ, ಹೊರೆಯೆಲ್ಲ ಕೋರ್‌ಗಳ ತಲೆಗೆ. ಹಾಗಾಗಿ ಹೆಸರಿನಲ್ಲಿ ದೊಡ್ಡದಾದ ಚಿಪ್ಪಿನ ಫ್ಯಾನೇ ಜೋರಾಗಿ ತಿರುಗುತ್ತದೆ.

ಈಗ ಐ3-12100 ಮತ್ತು ಐ5-12400. ಎರಡೂ ಒಂದೇ ತಲೆಮಾರಿನವು, ಒಳಗಿನ ಕೋರ್ ಕೂಡ ಒಂದೇ ಜಾತಿಯದು. ಗರಿಷ್ಠ ವೇಗ ಒಂದರದ್ದು 4.3, ಇನ್ನೊಂದರದ್ದು 4.4 ಗಿಗಾಹರ್ಟ್ಸ್. ದೊಡ್ಡ ವ್ಯತ್ಯಾಸ ಕೋರ್‌ಗಳದ್ದು: 4 ಮತ್ತು 6.

ಆ ಎರಡು ಕೋರ್ ಯಾವಾಗ ದುಡಿಯುತ್ತವೆ? ಒಂದೇ ಕೋರ್‌ನಲ್ಲಿ 60 ನಿಮಿಷ ಹಿಡಿಯುವ ಕೆಲಸ ಅಂದುಕೊಳ್ಳಿ. ಅದರಲ್ಲಿ ಅರ್ಧ ಭಾಗವನ್ನು ಮಾತ್ರ ಹಂಚಿ ಮಾಡಲು ಬಂದರೆ, 4 ಕೋರ್‌ಗೆ 37.5 ನಿಮಿಷ, 6 ಕೋರ್‌ಗೆ 35. ಶೇಕಡಾ 95 ಭಾಗ ಹಂಚಲು ಬಂದರೆ ಸುಮಾರು 17 ನಿಮಿಷ ಇದ್ದದ್ದು 12.5ಕ್ಕೆ ಇಳಿಯುತ್ತದೆ. ಈ ಲೆಕ್ಕದ ಮೂಲ ಅಮೆರಿಕದ ಎಂಜಿನಿಯರ್ ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ ವಾದ.

ಡೊಂಬಿವ್ಲಿಯ ಒಬ್ಬ ತೆರಿಗೆ ಸಲಹೆಗಾರರ ಕೆಲಸ ಹೆಚ್ಚಾಗಿ ಮೊದಲ ಬಗೆಯದು. ಲೆಕ್ಕದ ಎಂಟ್ರಿ, ಜಿಎಸ್‌ಟಿ ರಿಟರ್ನ್, ಹತ್ತಾರು ಬ್ರೌಸರ್ ಟ್ಯಾಬ್. ಅವರು ಐ3 ಕೊಂಡು, ಉಳಿದ ದುಡ್ಡಿನಲ್ಲಿ 16 ಜಿಬಿ ರ‍್ಯಾಮ್ (ಕೆಲಸದ ಹೊತ್ತಿನ ಮೆಮೊರಿ) ಹಾಕಿಸಿಕೊಳ್ಳುವುದೇ ಸರಿ. ರಾತ್ರಿಯಿಡೀ ನಡೆದ ಯಕ್ಷಗಾನವನ್ನು ಚಿತ್ರೀಕರಿಸಿ ಎಡಿಟ್ ಮಾಡುವ ಹುಡುಗನದ್ದು ಎರಡನೆಯ ಬಗೆ. ವಿಡಿಯೋವನ್ನು ತುಂಡು ತುಂಡಾಗಿ ಹಂಚಬಹುದು. ಅವನಿಗೆ ಐ5 ಬೇಕು.

ಅಂಗಡಿಯಲ್ಲಿ ಹೆಸರಿನ ಕೊನೆಗೆ 'ಎಫ್' ಇರುವ ಚಿಪ್ ತೋರಿಸಿ ಬೆಲೆ ಕಡಿಮೆ ಅಂದರೆ ಹುಷಾರು. ಅದರಲ್ಲಿ ಗ್ರಾಫಿಕ್ಸ್, ಅಂದರೆ ಪರದೆಗೆ ಚಿತ್ರ ಕಳಿಸುವ ಭಾಗ, ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ.

ಕಾರ್ಡಿಲ್ಲದೆ ಸಣ್ಣಪುಟ್ಟ ಗೇಮ್ ಆಡಬೇಕು ಅನ್ನುವ ಮಕ್ಕಳಿದ್ದರೆ ನನ್ನ ವೋಟು ಇಂಟೆಲ್‌ನ ಎದುರಾಳಿ ಕಂಪನಿ ಎಎಂಡಿಯ ರೈಜನ್ 5 5600ಜಿ ಚಿಪ್ಪಿಗೆ. ಇದರಲ್ಲೂ 6 ಕೋರ್, ಒಳಗಿನ ಗ್ರಾಫಿಕ್ಸ್ ಐ5-12400ಕ್ಕಿಂತ ಗಟ್ಟಿ. ಆದರೆ ಆ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಕಂಪ್ಯೂಟರಿನ ರ‍್ಯಾಮನ್ನೇ ಬಳಸುತ್ತದೆ. 16 ಜಿಬಿಯ ಒಂದೇ ಸ್ಟಿಕ್ ಬದಲು 8 ಜಿಬಿಯ ಎರಡು ಹಾಕಿಸಿದರೆ ಮಾಹಿತಿ ಹರಿಯುವ ದಾರಿ ಎರಡು ಪಟ್ಟು ಅಗಲವಾಗುತ್ತದೆ, ಗೇಮ್ ಎಷ್ಟೋ ಸಲೀಸಾಗಿ ಓಡುತ್ತದೆ.