ಮೊಣಕೈಯಿಂದ ಕೇಳುವ ಸಂಗೀತ

ಅಮೆರಿಕದ ಕಲಾವಿದೆ ಲಾರಿ ಆಂಡರ್ಸನ್ ಒಂದು ದಿನ ಎಲೆಕ್ಟ್ರಿಕ್ ಟೈಪ್‌ರೈಟರ್ ಮುಂದೆ ಬೇಸರದಿಂದ ಕೂತಿದ್ದರು. ಮೊಣಕೈ ಊರಿ ತಲೆ ಹಿಡಿದುಕೊಂಡರು. ತಕ್ಷಣ ಮಷೀನಿನ ಗುಂಯ್ ಸದ್ದು ಜೋರಾಗಿ ಕೇಳಿತು. ಅದು ಮೇಜಿನ ಮರದಿಂದ ಕೈಮೂಳೆಗೆ ಹತ್ತಿ ಕಿವಿ ಮುಟ್ಟಿತ್ತು. 1978ರಲ್ಲಿ ಅವರು ಇದನ್ನೇ ಕಲಾಕೃತಿ ಮಾಡಿದರು. ಮೇಜಿನ ಮೇಲೆ ಮೊಣಕೈ ಇಟ್ಟು ಕಿವಿ ಮುಚ್ಚಿಕೊಂಡರೆ ಸಂಗೀತ ಕೇಳುತ್ತದೆ. ಕೈ ತೆಗೆದರೆ ಮೌನ.

ಮೈಯಿಂದ ಕೇಳುವ ಆಸೆ ಇದಕ್ಕಿಂತ ಹಳೆಯದು. ನಮ್ಮ ಕಿವಿ ಸುಮಾರು 20 ಹರ್ಟ್ಜ್‌ನಿಂದ ಮೇಲಿನ ಸದ್ದನ್ನು ಹಿಡಿಯುತ್ತದೆ. ಅಂದರೆ ಸೆಕೆಂಡಿಗೆ 20 ಕಂಪನ. ಸಿಡ್ನಿ ಟೌನ್ ಹಾಲ್‌ನಲ್ಲಿ 1890ರಲ್ಲಿ ಕೂರಿಸಿದ ಆರ್ಗನ್‌ಗೆ 64 ಅಡಿ ಸ್ವರದ ಕೊಳವೆ ಇದೆ. ಅದರ ಅತಿ ಕೆಳಗಿನ ಸ್ವರ 8 ಹರ್ಟ್ಜ್. ಅದನ್ನು ಸ್ವರ ಅನ್ನುವುದಕ್ಕಿಂತ ನಡುಕ ಅನ್ನುವುದೇ ಸರಿ.

ಆಮೇಲೆ ಬಂದದ್ದು ಭಯ. 1960ರ ದಶಕದಲ್ಲಿ ಫ್ರಾನ್ಸಿನ ಮಾರ್ಸೇಲಿನ ವಿಜ್ಞಾನಿ ವ್ಲಾದಿಮಿರ್ ಗಾವ್ರೋ ಅವರ ಪ್ರಯೋಗಗಳ ಸುದ್ದಿ ಹೊರಬಿತ್ತು. ಕೇಳಿಸದ ಸದ್ದು ಆಯುಧವಾಗುತ್ತದೆ ಎಂಬ ಮಾತು ಹಬ್ಬಿತು. ಅದರಲ್ಲಿ ಉತ್ಪ್ರೇಕ್ಷೆಯೇ ಜಾಸ್ತಿ. ಮುಂದೆ ದೆವ್ವದ ಕಥೆಯೂ ಸೇರಿಕೊಂಡಿತು. ಇಂಗ್ಲೆಂಡಿನ ಎಂಜಿನಿಯರ್ ವಿಕ್ ಟ್ಯಾಂಡಿಗೆ ತಮ್ಮ ಲ್ಯಾಬಿನಲ್ಲಿ ಪಕ್ಕದಲ್ಲೇ ಯಾರೋ ಇದ್ದಂತೆ ಅನಿಸುತ್ತಿತ್ತು. ಮರುದಿನ ನೋಡಿದರೆ, ಇಕ್ಕಳದಲ್ಲಿ ಬಿಗಿದಿಟ್ಟ ಕತ್ತಿವರಸೆಯ ಕತ್ತಿ ತಾನಾಗಿಯೇ ಅದುರುತ್ತಿತ್ತು. ಹುಡುಕಿದಾಗ ಸಿಕ್ಕಿದ್ದು ಒಂದು ಫ್ಯಾನ್, 19 ಹರ್ಟ್ಜ್ ಕಂಪನ. 1998ರಲ್ಲಿ ಅವರು ಇದನ್ನು ಬರೆದು ಪ್ರಕಟಿಸಿದರು. 2003ರಲ್ಲಿ ಲಂಡನ್ನಿನ ಸಂಗೀತ ಕಛೇರಿಯೊಂದರಲ್ಲಿ ಸಂಶೋಧಕರು ಕೆಲವು ಕೃತಿಗಳ ಜೊತೆ 17 ಹರ್ಟ್ಜ್ ಸದ್ದನ್ನು ಗುಟ್ಟಾಗಿ ಬೆರೆಸಿದರು. ವಿಚಿತ್ರ ಅನುಭವವಾಯಿತು ಎಂದವರು ಸುಮಾರು 22%. ಅಂದರೆ ಹೆಚ್ಚಿನವರಿಗೆ ಏನೂ ಆಗಲಿಲ್ಲ, ಅಲ್ವಾ?

ಕಲಾವಿದರ ನಿಜವಾದ ತೊಡಕು ದೆವ್ವವಲ್ಲ, ಅಳತೆ. 20 ಹರ್ಟ್ಜ್ ಸದ್ದಿನ ಒಂದು ಅಲೆಯೇ ಸುಮಾರು 17 ಮೀಟರ್ ಉದ್ದ. ಗಾಳಿಯಲ್ಲಿ ಅದನ್ನು ಮೈಗೆ ತಟ್ಟಿಸಲು ದೈತ್ಯ ಸ್ಪೀಕರ್ ಬೇಕು. ಗೋಡೆಯೂ ಅದನ್ನು ಸರಿಯಾಗಿ ತಡೆಯುವುದಿಲ್ಲ, ಪಕ್ಕದ ಕೋಣೆಗೂ ನುಗ್ಗುತ್ತದೆ. ಇದಕ್ಕೆ ಸುಲಭ ದಾರಿ ಗಾಳಿಯನ್ನೇ ಬಿಟ್ಟುಬಿಡುವುದು. ಸ್ಪೀಕರನ್ನು ಮೈಗೇ ತಾಗಿಸಿದರೆ ಸಣ್ಣ ಕಂಪನವೂ ಸಾಕು. ವಾಸ್ತುಶಿಲ್ಪದಿಂದ ಈ ಕಡೆ ಬಂದ ಆಸ್ಟ್ರಿಯಾದ ಬರ್ನ್‌ಹಾರ್ಡ್ ಲೈಟ್ನರ್ 1970ರ ದಶಕದಲ್ಲೇ ಒರಗುವ ಕುರ್ಚಿಯೊಳಗೆ ಸ್ಪೀಕರ್ ಇಟ್ಟರು. ಸ್ವರ ಕಾಲಿನಿಂದ ತಲೆಯವರೆಗೆ ಹರಿದುಹೋಗುವಂತೆ ಮಾಡಿದರು. ಮೀನಖಂಡಕ್ಕಿಂತ ಮೊಣಕಾಲಿಗೆ ಚೆನ್ನಾಗಿ ಕೇಳುತ್ತದೆ ಎನ್ನುತ್ತಿದ್ದರು ಅವರು. ತಮಾಷೆ ಅನಿಸಬಹುದು. ಆದರೆ ಮೊಣಕಾಲಿನಲ್ಲಿ ಮೂಳೆ ಚರ್ಮದ ಹತ್ತಿರವೇ ಇದೆ, ಮೀನಖಂಡದಲ್ಲಿ ಮಾಂಸ ಜಾಸ್ತಿ.

ಬ್ರಿಟನ್ನಿನ ಕಲಾವಿದೆ ಕೆಫೆ ಮ್ಯಾಥ್ಯೂಸ್ 2005ರಲ್ಲಿ ಕುರ್ಚಿಯ ಬದಲು ಹಾಸಿಗೆಯನ್ನೇ ಆರಿಸಿಕೊಂಡರು. ಮರದ ದೊಡ್ಡ ಪೆಟ್ಟಿಗೆ, ಒಳಗೆ ಹಾಸಿಗೆ, ಅದರಡಿಯಲ್ಲಿ ಮತ್ತು ಸುತ್ತ ಸ್ಪೀಕರ್‌ಗಳು. ಅಪರಿಚಿತರೂ ಪಕ್ಕಪಕ್ಕ ಮಲಗಿ ಒಂದೇ ಕಂಪನ ಅನುಭವಿಸಬಹುದು. ಕಿವಿ ಕೇಳದವರಿಗೂ ಇದರಲ್ಲಿ ಪಾಲಿದೆ. ಆದರೆ ಫೋಟೊದಲ್ಲಿ ಕಾಣುವುದು ಬರೀ ಒಂದು ಪೆಟ್ಟಿಗೆ. ರೆಕಾರ್ಡಿಂಗ್ ಕೇಳೋಣ ಅಂದರೆ, ಫೋನಿನ ಪುಟ್ಟ ಸ್ಪೀಕರಿನಿಂದ ಆ ಕೆಳಗಿನ ಸ್ವರಗಳು ಹೊರಡುವುದೇ ಇಲ್ಲ.