ನನ್ನ ಕೆಲಸಗಳು ಒಂದರಂತೆ ಒಂದಿಲ್ಲ, ನನ್ನ ಸ್ಟೈಲ್ ಯಾವುದು ಅಂತ ಹೇಳಲಿ?

ಓದುಗರ ಪ್ರಶ್ನೆ: ದಾವಣಗೆರೆಯಲ್ಲಿ ಬಿವಿಎ (ದೃಶ್ಯಕಲೆಯ ಪದವಿ) ಮುಗಿಸಿದ್ದೇನೆ. ಮೊದಲು ಮಂಡಕ್ಕಿ ಚೀಲಗಳನ್ನು ಹೊಲಿದು ಇನ್‌ಸ್ಟಲೇಷನ್ (ಒಂದು ಜಾಗದಲ್ಲಿ ವಸ್ತುಗಳನ್ನು ಜೋಡಿಸಿ ಕಟ್ಟುವ ಕಲಾಕೃತಿ) ಮಾಡಿದೆ. ಆಮೇಲೆ ಮುಚ್ಚಿಹೋದ ಕಾಟನ್ ಮಿಲ್ಲಿನ ಹಳೇ ಕಾರ್ಮಿಕರ ಮಾತು ರೆಕಾರ್ಡ್ ಮಾಡಿ ಕೇಳಿಸಿದೆ. ಈಗ ಹಾಜರಿ ಪುಸ್ತಕದ ಹಾಳೆಗಳ ಮೇಲೆ ಬರೆಯುತ್ತಿದ್ದೇನೆ. ‘ನಿನ್ನ ಸ್ಟೈಲ್ ಯಾವುದು’ ಅಂತ ಎಲ್ಲರೂ ಕೇಳುತ್ತಾರೆ. ಏನು ಮಾಡಲಿ?

ಉತ್ತರ: ಸ್ಟೈಲ್ ಹುಡುಕೋದನ್ನು ಸದ್ಯಕ್ಕೆ ಬಿಡಿ. ನೀವು ಹೇಳಿದ ಮೂರೂ ಕೆಲಸಗಳಲ್ಲಿ ನನಗೆ ಕಾಣುವುದು ಒಂದೇ ಹುಡುಕಾಟ: ದುಡಿದವರ ಗುರುತು ಕೊನೆಗೆ ಎಲ್ಲಿ ಉಳಿಯುತ್ತೆ? ಚೀಲದಲ್ಲೋ, ದನಿಯಲ್ಲೋ, ಹಾಜರಿ ಹಾಳೆಯಲ್ಲೋ? ನಿಮ್ಮದು ಅಂತ ಹೇಳಿಕೊಳ್ಳಬೇಕಾದ್ದು ಇದನ್ನೇ.

ನೀವು ಮಾಡುತ್ತಿರುವಂಥ ಕಾನ್ಸೆಪ್ಚುವಲ್ ಆರ್ಟ್‌ನಲ್ಲಿ ಮೊದಲು ಬರುವುದು ಯೋಚನೆ. ಅಮೆರಿಕದ ಕಲಾವಿದ ಸಾಲ್ ಲೆವಿಟ್ 1967ರಲ್ಲೇ ಇದನ್ನು ಬರೆದಿಟ್ಟರು, 1968ರಿಂದ ಗೋಡೆ ಚಿತ್ರಗಳನ್ನು ಶುರು ಮಾಡಿ, ಎಷ್ಟೋ ಸಲ ತಾವು ಸೂಚನೆ ಮಾತ್ರ ಕೊಟ್ಟು ಬೇರೆಯವರ ಕೈಯಲ್ಲಿ ಬಿಡಿಸಿದರು. ಆದರೂ ಅವರ ಗೆರೆ, ಚೌಕಗಳನ್ನು ಈಗ ದೂರದಿಂದಲೇ ಗುರುತಿಸಬಹುದು. ಅಂದರೆ ಸ್ಟೈಲ್ ಬೇಡ ಅಂದವರಿಗೂ ಅದು ಅಂಟಿಕೊಳ್ಳುತ್ತೆ, ಅದಕ್ಕೆ ಹೆದರಬೇಕಾಗಿಲ್ಲ.

ನೀವು ನಿಧಾನವಾಗಿ ನೋಡಬೇಕಾದ್ದು ನಮ್ಮ ಪಕ್ಕದ ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರ ಕೆಲಸ. ಅವರು ಕಲಿತದ್ದು ಪೇಂಟಿಂಗ್. 1990ರ ದಶಕದ ಶುರುವಿನಲ್ಲಿ ಸಗಣಿ ಕೈಗೆತ್ತಿಕೊಂಡರು. ಆಮೇಲೆ ಸೂಜಿ, ದಾರ, ಕುಂಕುಮ ಬಂದವು. ಮುಂದೆ ಡಾಂಬರಿನ ಡ್ರಮ್ಮುಗಳು, ಊದುಬತ್ತಿಯ ಬೂದಿ. 2009ರ ಒಂದು ಕೆಲಸದಲ್ಲಿ ಸುಮಾರು 4 ಕಿಲೋಮೀಟರ್ ಉದ್ದದ ಕೂದಲಿನ ಹಗ್ಗಕ್ಕೆ ಕಾರಿನ ಸ್ಟೀಲ್ ಬಂಪರ್‌ಗಳನ್ನು ತೂಗುಹಾಕಿದರು. ದೃಷ್ಟಿ ತಾಗದಿರಲಿ ಅಂತ ನಮ್ಮ ಡ್ರೈವರುಗಳು ಗಾಡಿಗೆ ಕಟ್ಟುತ್ತಾರಲ್ವಾ, ಅದೇ ಹಗ್ಗ. ನೋಡೋಕೆ ಈ ಕೆಲಸಗಳಿಗೆ ಸಂಬಂಧವೇ ಇಲ್ಲ ಅನಿಸಬಹುದು, ಆದರೆ ಪ್ರತಿ ಸಲ ಅವರು ಎತ್ತಿಕೊಳ್ಳುವುದು ಜನ ದಿನಾ ಮುಟ್ಟುವ, ನಂಬಿಕೆಯೂ ದುಡಿಮೆಯೂ ಮೆತ್ತಿಕೊಂಡಿರುವ ಒಂದು ವಸ್ತುವನ್ನು, ಅದೂ ತುಂಬಾ ಹೊತ್ತು ಕೈಯಾರೆ ದುಡಿಯದೆ ಆಕಾರಕ್ಕೆ ಬಾರದ ವಸ್ತುವನ್ನು. ನನಗೆ ಇದು ಯಾವ ಸ್ಟೈಲಿಗಿಂತಲೂ ಗಟ್ಟಿ ಅನಿಸುತ್ತೆ.

ಹಾಗಂತ ವಾರಕ್ಕೊಂದು ವಸ್ತು ಬದಲಾಯಿಸಿದರೆ ಆಗಲ್ಲ. ಇದೇ ವಸ್ತು ಯಾಕೆ, ಬೇರೆಯದರಲ್ಲಿ ಮಾಡಿದ್ದರೆ ಏನು ಹೋಗುತ್ತಿತ್ತು ಅಂತ ಪ್ರತಿ ಕೆಲಸಕ್ಕೂ ನಾಲ್ಕು ಸಾಲು ಬರೆದಿಡಿ. ಚೀಲದ ಬದಲು ಯಾವ ಬಟ್ಟೆಯಾದರೂ ನಡೆಯುತ್ತಿತ್ತು ಅನಿಸಿದರೆ, ಆ ಕೆಲಸ ಇನ್ನೂ ಮುಗಿದಿಲ್ಲ. ಮಂಡಕ್ಕಿ ಭಟ್ಟಿಗೆ ಮತ್ತೆ ಹೋಗಿ, ಚೀಲ ತುಂಬುವವರ ಜೊತೆ ಕೂತು ಮಾತಾಡಿ.

ಒಂದು ಕಷ್ಟ ಇದೆ, ಮುಚ್ಚಿಡಲ್ಲ. ನೋಡಿದ ತಕ್ಷಣ ಇಂಥವರದ್ದು ಅಂತ ಗೊತ್ತಾಗುವ ಚಿತ್ರ ಬೇಗ ಮಾರಾಟವಾಗುತ್ತೆ, ನಿಮ್ಮಂಥ ಕೆಲಸಕ್ಕೆ ಜಾಸ್ತಿ ಕಾಯಬೇಕಾಗಬಹುದು. ಹೊಟ್ಟೆಪಾಡಿಗೆ ಪಾಠ ಹೇಳೋದೋ, ಡಿಸೈನ್ ಮಾಡೋದೋ ಏನಾದರೂ ಇಟ್ಟುಕೊಳ್ಳಿ.

ಪೋರ್ಟ್‌ಫೋಲಿಯೋ ಜೋಡಿಸುವಾಗ ಮಾಧ್ಯಮದ ಪ್ರಕಾರ ವಿಂಗಡಿಸಬೇಡಿ. ಮಿಲ್ಲಿನ ದನಿ ಮತ್ತು ಹಾಜರಿ ಹಾಳೆ ಎದುರುಬದುರು ಪುಟಗಳಲ್ಲಿ ಬರಲಿ, ಆಗ ಸ್ಟೈಲ್ ಯಾವುದು ಅಂತ ಕೇಳುವವರ ಜೊತೆ ಮಾತು ಕಾರ್ಮಿಕರಿಂದಲೇ ಶುರುವಾಗುತ್ತೆ.