ಟೋನರ್‌ನಿಂದ ಪ್ಯಾರಾಬೆನ್ ಹಿಡಿಯುವ ಪುಡಿ: ಕಾಫಿ ಇದ್ದರೆ ಲೆಕ್ಕ ಬೇರೆ

ಕಕ್ಕಡದ ಮಳೆಯಲ್ಲಿ ಮಡಿಕೇರಿಯ ಕಡೆ ಕಪಾಟಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಅಂಥಲ್ಲಿ ನೀರಿನ ಟೋನರನ್ನು ಪ್ರಿಸರ್ವೇಟಿವ್ ಇಲ್ಲದೆ ತಿಂಗಳುಗಟ್ಟಲೆ ಇಡಬೇಡಿ. ಪ್ಯಾರಾಬೆನ್ ಅಂಥದೊಂದು ಪ್ರಿಸರ್ವೇಟಿವ್. ಮುಖಕ್ಕೆ ಅದು ಬೇಡವೆನ್ನುವ ಗಿರಾಕಿಗಾಗಿ ಒಂದು ದಾರಿಯಿದೆ: ಬಾಟಲಿಯೊಳಗೆ ಅದು ಇರಲಿ, ಹೊರಬರುವಾಗ ಮೂತಿಯಲ್ಲಿ ತುಂಬಿದ ಪಾಲಿಮರ್ ಪುಡಿ ಹಿಡಿದಿಟ್ಟುಕೊಳ್ಳಲಿ. ಪುಡಿಯನ್ನು ಬಾಟಲಿಗೇ ಸುರಿದರೆ ಒಳಗಿನ ದ್ರವದ ಕಾವಲೇ ಹೋಗುತ್ತದೆ.

ಕಣ್ಣಿನ ಹನಿಗಳಲ್ಲಿ ಬಳಸುವ ಪ್ರಿಸರ್ವೇಟಿವ್ ಬೆಂಜಾಲ್ಕೋನಿಯಮ್ ಕ್ಲೋರೈಡ್‌ಗೆ ಧನ ವಿದ್ಯುದಂಶವಿದೆ. ಋಣ ವಿದ್ಯುದಂಶದ ಪಾಲಿಮರ್ ಅದನ್ನು ಸುಲಭವಾಗಿ ಸೆಳೆಯುತ್ತದೆ. ಪ್ಯಾರಾಬೆನ್ ಹಾಗಲ್ಲ. ಟೋನರ್‌ನ 5–6 ಪಿಎಚ್‌ನಲ್ಲಿ ಅದಕ್ಕೆ ವಿದ್ಯುದಂಶವೇ ಇರುವುದಿಲ್ಲ. ಅದರ ಫಿನಾಲ್ ತುದಿಯನ್ನು ಹೈಡ್ರೋಜನ್ ಬಂಧದಿಂದ ಹಿಡಿಯುವ ಪಿವಿಪಿಪಿ, ಅಂದರೆ ನೀರಲ್ಲಿ ಕರಗದ ಪಾಲಿವಿನೈಲ್ ಪೈರೋಲಿಡೋನ್, ಇಲ್ಲಿ ಒಗ್ಗುತ್ತದೆ. ಫಿನಾಕ್ಸಿಎಥನಾಲ್ ಎಂಬ ಇನ್ನೊಂದು ಪ್ರಿಸರ್ವೇಟಿವ್‌ಗೆ ಆ ತುದಿ ಇಲ್ಲ, ಆದ್ದರಿಂದ ಅದರ ಮೇಲೆ ಪಿವಿಪಿಪಿಯ ಹಿಡಿತ ಸಡಿಲ.

ನಮ್ಮ ಕಡೆಯ ತೊಡಕು ಟೋನರಿಗೆ ಹಾಕುವ ಕಾಫಿ. ಕಾಫಿ ಸಾರದ ಕ್ಲೋರೋಜೆನಿಕ್ ಆಮ್ಲದಲ್ಲಿ ಇಂಥ ತುದಿಗಳು ಎರಡಿವೆ. ಅದು ಪ್ಯಾರಾಬೆನ್ನನ್ನು ತಳ್ಳಿ ಜಾಗ ಹಿಡಿಯುತ್ತದೆ. ಬಿಳಿ ಪುಡಿಯ ಮೇಲ್ಭಾಗ ಚಹಾ ಬಣ್ಣಕ್ಕೆ ತಿರುಗಿ, ಕಂದು ಪಟ್ಟಿ ನಿಧಾನ ಕೆಳಗಿಳಿಯುತ್ತದೆ. ಅದು ಅರ್ಧಕ್ಕೆ ಬರುವಷ್ಟರಲ್ಲೇ ಪ್ಯಾರಾಬೆನ್ ಕೆಳಗಿಂದ ಜಾರಿಹೋಗಿರಬಹುದು. ಬಣ್ಣ ನೋಡಿ ಪುಡಿ ಬದಲಿಸುವ ಕಾಲ ಗೊತ್ತುಮಾಡಬೇಡಿ.

ಪಿವಿಪಿಪಿ ಬದಲು ಸ್ಟೈರೀನ್ ಪಾಲಿಮರಿನ ಮಣಿಗಳನ್ನು ಬಳಸಿದರೆ ಇನ್ನೊಂದು ನಷ್ಟ: ಕಿತ್ತಳೆ ಸಿಪ್ಪೆಯ ಎಣ್ಣೆಯ ಲಿಮೋನೀನ್ ಮೊದಲು ಅಂಟುತ್ತದೆ, ಪರಿಮಳವೇ ಹೋಗುತ್ತದೆ. ಲೋಷನ್ನಿನ ಗೊಡವೆ ಸದ್ಯಕ್ಕೆ ಬೇಡ. ಎಣ್ಣೆಹನಿ ರಂಧ್ರ ಮುಚ್ಚುತ್ತದೆ, ಎಣ್ಣೆ-ನೀರು ಬೆರೆಸಲು ಹಾಕುವ ಪಾಲಿಸಾರ್ಬೇಟ್ 80 ಪ್ಯಾರಾಬೆನ್ನನ್ನು ತನ್ನಲ್ಲೇ ಅಡಗಿಸಿಕೊಳ್ಳುತ್ತದೆ.

ಪರೀಕ್ಷೆಯನ್ನು ಕಾಫಿ ಹಾಕದ ತಿಳಿ ಟೋನರ್‌ನಿಂದ ಶುರುಮಾಡಿ. 1 ಗ್ರಾಂ ದಪ್ಪ ಕಾಳಿನ ಪಿವಿಪಿಪಿಯನ್ನು ಬಟ್ಟಿ ಇಳಿಸಿದ ನೀರಲ್ಲಿ ಒಂದು ಗಂಟೆ ನೆನೆಸಿ, ಮೇಲೆ ತೇಲುವ ನುಣ್ಣನೆಯ ಪುಡಿಯನ್ನು ಬಸಿಯಿರಿ. ಅದು ಉಳಿದರೆ ಹರಿವು ಕಟ್ಟುತ್ತದೆ. 10 ಮಿಲೀ ಸಿರಿಂಜಿನ ತಳಕ್ಕೆ ಹತ್ತಿ ಒತ್ತಿ, ಗಾಳಿಗುಳ್ಳೆ ಬಾರದಂತೆ ಪುಡಿ ಇಳಿಸಿ. ನಿಮಿಷಕ್ಕೆ 1 ಮಿಲೀಯಂತೆ ಟೋನರ್ ಬಿಡಿ, 5 ಮಿಲೀ ಪಾಲುಗಳಾಗಿ ಹಿಡಿಯಿರಿ. ಮೊದಲ ಪಾಲು ಒಳಗಿದ್ದ ನೀರಿನಿಂದ ತೆಳುವಾಗಿರುತ್ತದೆ, ಲೆಕ್ಕಕ್ಕೆ ಬೇಡ. ಉಳಿದವನ್ನು ಅತಿನೇರಳೆ ಬೆಳಕಿನ 256 ನ್ಯಾನೋಮೀಟರ್‌ನಲ್ಲಿ ಅಳೆಯಿರಿ. ಕಾಫಿ ಸೇರಿದ ಮೇಲೆ ಈ ಓದು ನಂಬುವಂತಿಲ್ಲ, ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಬೇಕು.

0.2% ಮೀಥೈಲ್ ಪ್ಯಾರಾಬೆನ್ ಇರುವ 100 ಮಿಲೀ ಟೋನರ್‌ನಲ್ಲಿ ಸುಮಾರು 200 ಮಿಲಿಗ್ರಾಂ ಹಿಡಿಯಬೇಕು. ನಿಮ್ಮ ಪುಡಿ ಗ್ರಾಂಗೆ 40 ಮಿಲಿಗ್ರಾಂ ಹಿಡಿದರೆ 5 ಗ್ರಾಂ ಬೇಕು. ನೆಂದಾಗ ಅದು ಸಣ್ಣ ಮೂತಿಯಲ್ಲಿ ಕೂರದು. ಆದ್ದರಿಂದ 30 ಮಿಲೀ ಬಾಟಲಿಯೇ ಸರಿ.

ಪ್ಯಾರಾಬೆನ್ ಕಳೆದ ಒದ್ದೆ ತುದಿಯಲ್ಲೇ ಸೂಡೊಮೊನಾಸ್ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ. ದ್ರವ ಹಿಂದಕ್ಕೆ ಸೇದದಂತೆ ಏಕಮುಖ ಕವಾಟ ಹಾಕಿ, ಏಳು ದಿನ ಮುಟ್ಟದೆ ಇಟ್ಟ ಬಾಟಲಿಯ ಮೊದಲ ಹನಿಯನ್ನೇ ಪರೀಕ್ಷೆಗೆ ಕಳಿಸಿ. ಸೂಕ್ಷ್ಮಾಣು ಬೆಳೆಸುವ ಮಾಧ್ಯಮದಲ್ಲಿ ಪ್ಯಾರಾಬೆನ್ನನ್ನು ಅಡಗಿಸುವ ಲೆಸಿಥಿನ್, ಪಾಲಿಸಾರ್ಬೇಟ್ 80 ಇರಬೇಕೆಂದು ಲ್ಯಾಬಿಗೆ ಬರೆದುಕೊಡಿ. ಇಲ್ಲವಾದರೆ ಹನಿಯಲ್ಲಿ ಉಳಿದ ಚೂರು ಪ್ಯಾರಾಬೆನ್ ಬೆಳವಣಿಗೆ ತಡೆದು, ಸೂಕ್ಷ್ಮಾಣು ಇದ್ದರೂ ಇಲ್ಲವೆಂದು ವರದಿ ಬರುತ್ತದೆ.